ಹಾಸನ–ಚಿಕ್ಕಮಗಳೂರಿನಲ್ಲಿ ನೋಂದಾಯಿತ ಆಸ್ತಿ ಮೌಲ್ಯಮಾಪಕರಾಗಲು ಬೇಕಾದ ಸಿದ್ಧತೆ

ಮನೆ ಸಾಲಕ್ಕೋ ತೋಟದ ಅಭಿವೃದ್ಧಿ ಸಾಲಕ್ಕೋ ಅರ್ಜಿ ಕೊಟ್ಟವರಿಗೆಲ್ಲ ಬ್ಯಾಂಕಿನವರು ಹೇಳುವ ಮಾತೊಂದಿದೆ: “ಮೊದಲು ವ್ಯಾಲ್ಯುಯೇಷನ್ ಆಗಲಿ, ಆಮೇಲೆ ಮಾತಾಡೋಣ.” ಆ ವ್ಯಾಲ್ಯುಯೇಷನ್ ಮಾಡಲು ಬರುವವರನ್ನು ನಮ್ಮ ಕಡೆಯ ಜನ ‘ಬ್ಯಾಂಕಿನ ಇಂಜಿನಿಯರ್’ ಎಂದೇ ಕರೆಯುತ್ತಾರೆ. ಆದರೆ ಅವರು ಬ್ಯಾಂಕಿನ ನೌಕರರಾಗಿರುವುದಿಲ್ಲ. ಕಾನೂನಿನಡಿ ನೋಂದಣಿ ಮಾಡಿಸಿಕೊಂಡು, ತಮ್ಮ ಸಹಿಯ ಹೊಣೆಯನ್ನು ತಾವೇ ಹೊರುವ ಸ್ವತಂತ್ರ ವೃತ್ತಿಪರರಾಗಿರುತ್ತಾರೆ. ಈ ಕೆಲಸಕ್ಕೆ ಬರಬೇಕೆಂದು ಹಾಸನ ಮತ್ತು ಚಿಕ್ಕಮಗಳೂರಿನ ಹಲವು ಕಿರಿಯ ಇಂಜಿನಿಯರ್‌ಗಳು ನನ್ನನ್ನು ಕೇಳುತ್ತಿರುತ್ತಾರೆ. ಎಲ್ಲರ ಪ್ರಶ್ನೆಯೂ ಪರೀಕ್ಷೆಯ ಬಗ್ಗೆಯೇ ಇರುತ್ತದೆ. ಪರೀಕ್ಷೆಯ ವಿಷಯವನ್ನು ಖಂಡಿತ ಹೇಳುತ್ತೇನೆ, ಆದರೆ ಪರೀಕ್ಷೆಗೆ ಮೊದಲಿನ ಐದು ವರ್ಷಗಳನ್ನು ಹೇಗೆ ಕಳೆಯಬೇಕು ಎಂಬುದಕ್ಕೆ ಹೆಚ್ಚು ಜಾಗ ಕೊಡುತ್ತೇನೆ, ಏಕೆಂದರೆ ನಮ್ಮ ಜಿಲ್ಲೆಗಳಲ್ಲಿ ಈ ವೃತ್ತಿ ನಿಲ್ಲುವುದೂ ಬೀಳುವುದೂ ಆ ವರ್ಷಗಳ ಮೇಲೆಯೇ.

ಎರಡು ನೋಂದಣಿಗಳು, ಎರಡು ಕಾನೂನುಗಳು

ಭಾರತದಲ್ಲಿ ‘ಆಸ್ತಿ ಮೌಲ್ಯಮಾಪಕರ ಲೈಸೆನ್ಸ್’ ಎಂಬ ಒಂದೇ ಒಂದು ಪತ್ರ ಇಲ್ಲ. ಬೇರೆ ಬೇರೆ ಕಾನೂನುಗಳಡಿ ಬೇರೆ ಬೇರೆ ನೋಂದಣಿಗಳಿವೆ, ಮತ್ತು ಯಾವ ಉದ್ದೇಶಕ್ಕೆ ಯಾವುದು ಬೇಕು ಎಂಬುದನ್ನು ಮೊದಲೇ ತಿಳಿದುಕೊಂಡರೆ ಹಣವೂ ಸಮಯವೂ ಉಳಿಯುತ್ತವೆ.

ಮೊದಲನೆಯದು ಕಂಪನಿ ಕಾಯ್ದೆ 2013ರ 247ನೇ ಸೆಕ್ಷನ್ ಅಡಿಯ ನೋಂದಣಿ. ಇದಕ್ಕೆ ಸಂಬಂಧಿಸಿದ ನಿಯಮಗಳು 2017ರ ಅಕ್ಟೋಬರ್ 18ರಿಂದ ಜಾರಿಯಲ್ಲಿವೆ, ಮತ್ತು ನೋಂದಣಿ ಕೊಡುವ ಪ್ರಾಧಿಕಾರ ಭಾರತೀಯ ದಿವಾಳಿತನ ಮಂಡಳಿ, ಅಂದರೆ ಎಲ್ಲರ ಬಾಯಲ್ಲಿರುವ ಐಬಿಬಿಐ. ಆಸ್ತಿಗಳನ್ನು ಇಲ್ಲಿ ಮೂರು ವರ್ಗ ಮಾಡಿದ್ದಾರೆ: ಭೂಮಿ ಮತ್ತು ಕಟ್ಟಡ, ಯಂತ್ರೋಪಕರಣ, ಷೇರು ಮುಂತಾದ ಹಣಕಾಸು ಆಸ್ತಿ. ನಮಗೆ ಬೇಕಾದದ್ದು ಭೂಮಿ ಮತ್ತು ಕಟ್ಟಡ. 2019ರ ಫೆಬ್ರುವರಿ 1ರಿಂದ ಕಂಪನಿ ಕಾಯ್ದೆಯಡಿ ಬೇಕಾಗುವ ಮೌಲ್ಯಮಾಪನವನ್ನು ಈ ನೋಂದಣಿ ಇರುವವರೇ ಮಾಡಬೇಕು. ದಿವಾಳಿತನ ಸಂಹಿತೆಯಡಿ ಒಂದು ಕಂಪನಿಯ ಪ್ರಕರಣ ನಡೆಯುವಾಗ ಸಾಮಾನ್ಯವಾಗಿ ಇಂಥ ಇಬ್ಬರು ಮೌಲ್ಯಮಾಪಕರನ್ನು ನೇಮಿಸುತ್ತಾರೆ.

ಎರಡನೆಯದು ಹಳೆಯದು: ಸಂಪತ್ತು ತೆರಿಗೆ ಕಾಯ್ದೆ 1957ರ 34ಎಬಿ ಸೆಕ್ಷನ್ ಅಡಿ ಆದಾಯ ತೆರಿಗೆ ಇಲಾಖೆ ಕೊಡುತ್ತ ಬಂದಿರುವ ನೋಂದಣಿ. ಸಂಪತ್ತು ತೆರಿಗೆಯನ್ನು 2015ರ ಬಜೆಟ್‌ನಲ್ಲಿ ರದ್ದು ಮಾಡಿದರೂ ಈ ನೋಂದಣಿಯ ಬಳಕೆ ಅದರೊಂದಿಗೆ ನಿಲ್ಲಲಿಲ್ಲ, ಏಕೆಂದರೆ ಹಳೆಯ ಆಸ್ತಿಯನ್ನು ಮಾರಿದವರು ಬಂಡವಾಳ ಲಾಭದ ತೆರಿಗೆ ಲೆಕ್ಕ ಹಾಕಲು 2001ರ ಏಪ್ರಿಲ್ 1ರಂದು ಆ ಆಸ್ತಿಗೆ ಎಷ್ಟು ಬೆಲೆಯಿತ್ತು ಎಂಬ ವರದಿಯನ್ನು ಕೇಳಿಕೊಂಡು ಬರುತ್ತಾರೆ. ಈ ವರದಿ ಬರೆಯುವಾಗ ಒಂದು ಮಿತಿಯನ್ನು ಮರೆಯಬಾರದು: ಆ ದಿನದ ಮುದ್ರಾಂಕ ಮೌಲ್ಯ (ಮುದ್ರಾಂಕ ಶುಲ್ಕಕ್ಕಾಗಿ ಸರ್ಕಾರ ಹಿಡಿಯುವ ಬೆಲೆ) ಲಭ್ಯವಿದ್ದರೆ, ಭೂಮಿ ಮತ್ತು ಕಟ್ಟಡದ ಬೆಲೆಯನ್ನು ಅದಕ್ಕಿಂತ ಹೆಚ್ಚು ಹಿಡಿಯಲು 2020ರ ತಿದ್ದುಪಡಿಯ ನಂತರ ಅವಕಾಶವಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನ 2026ರ ಏಪ್ರಿಲ್ 1 ಆಗಿರುವುದರಿಂದ ಅಲ್ಲಿಂದ ಮುಂದೆ ಸೆಕ್ಷನ್ ಸಂಖ್ಯೆಗಳೂ ನಮೂನೆಗಳೂ ಬದಲಾಗುತ್ತವೆ; ಅರ್ಜಿ ಹಾಕುವ ದಿನ ಯಾವ ನಮೂನೆ ಚಾಲ್ತಿಯಲ್ಲಿದೆ ಎಂಬುದನ್ನು ಇಲಾಖೆಯ ಕಚೇರಿಯಲ್ಲೇ ನೋಡಿಕೊಳ್ಳಬೇಕು.

ಮಲೆನಾಡಿನವರಿಗೆ ಈ ಎರಡನೆಯ ದಾರಿಯಲ್ಲಿ ಒಂದು ವಿಶೇಷವಿದೆ. ಸಂಪತ್ತು ತೆರಿಗೆ ನಿಯಮಗಳ 8ಎ ನಿಯಮದಲ್ಲಿ ಕಾಫಿ, ಟೀ, ರಬ್ಬರ್ ಮತ್ತು ಏಲಕ್ಕಿ ತೋಟಗಳ ಮೌಲ್ಯಮಾಪಕರೆಂಬ ಪ್ರತ್ಯೇಕ ವರ್ಗವೇ ಇದೆ, ಮತ್ತು ಅದಕ್ಕೆ ಇಂಜಿನಿಯರಿಂಗ್ ಪದವಿಯನ್ನು ಕೇಳಿಲ್ಲ. ಕನಿಷ್ಠ 40 ಹೆಕ್ಟೇರ್ ಕಾಫಿ ತೋಟವನ್ನು ಐದು ವರ್ಷ ಸ್ವಂತವಾಗಿ ಹೊಂದಿದ್ದವರು ಅಥವಾ ಅಷ್ಟು ದೊಡ್ಡ ತೋಟದಲ್ಲಿ ಮ್ಯಾನೇಜರ್ ಆಗಿ ದುಡಿದವರು ಇದಕ್ಕೆ ಅರ್ಹರು. ಏಲಕ್ಕಿಗಾದರೆ 4 ಹೆಕ್ಟೇರ್ ಸಾಕು. ಕಂದಾಯ, ಭೂದಾಖಲೆ, ಕೃಷಿ ಅಥವಾ ನೋಂದಣಿ ಇಲಾಖೆಯ ನಿರ್ದಿಷ್ಟ ಹುದ್ದೆಗಳಲ್ಲಿ ಐದು ವರ್ಷ ಸೇವೆ ಸಲ್ಲಿಸಿ, ಅದರಲ್ಲಿ ಮೂರು ವರ್ಷವನ್ನಾದರೂ ಆ ಬೆಳೆ ಹೆಚ್ಚಾಗಿರುವ ಪ್ರದೇಶದಲ್ಲಿ ಕಳೆದು ನಿವೃತ್ತರಾದ ಅಧಿಕಾರಿಗಳಿಗೂ ಅವಕಾಶವಿದೆ. ಮೂಡಿಗೆರೆ, ಸಕಲೇಶಪುರದ ಕಡೆ ಎಸ್ಟೇಟ್ ಮ್ಯಾನೇಜರ್ ಆಗಿ ನಿವೃತ್ತರಾದ ಎಷ್ಟೋ ಹಿರಿಯರಿಗೆ ಈ ವಿಷಯ ತಿಳಿದಿಲ್ಲವೆಂಬುದು ನನಗೆ ನಿಜವಾಗಿಯೂ ಬೇಸರ ತರಿಸುತ್ತದೆ. ಗಿಡದ ವಯಸ್ಸನ್ನು ಕಾಂಡ ನೋಡಿಯೇ ಹೇಳಬಲ್ಲವರು ಅವರು. ಇದೇ ಕಾನೂನಿನಡಿ ಕಟ್ಟಡ ಮತ್ತು ನಿವೇಶನಗಳ ಮೌಲ್ಯಮಾಪಕರಾಗಲು ಸಿವಿಲ್ ಇಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯ ಪದವಿಯೊಂದಿಗೆ ಸಾಮಾನ್ಯವಾಗಿ 10 ವರ್ಷದ ಅನುಭವ ಬೇಕಾಗುವುದರಿಂದ, ಹೊಸಬರು ಐಬಿಬಿಐ ನೋಂದಣಿಯಿಂದ ಆರಂಭಿಸುವುದೇ ಸರಿ.

ಪದವಿಯ ನಂತರದ ಐದು ವರ್ಷ

ಭೂಮಿ ಮತ್ತು ಕಟ್ಟಡ ವರ್ಗಕ್ಕೆ ಸಿವಿಲ್ ಇಂಜಿನಿಯರಿಂಗ್, ವಾಸ್ತುಶಿಲ್ಪ ಅಥವಾ ನಗರ ಯೋಜನೆಯಲ್ಲಿ ಪದವಿ ಮತ್ತು ಪದವಿಯ ನಂತರ ಅದೇ ಕ್ಷೇತ್ರದಲ್ಲಿ ಐದು ವರ್ಷದ ಅನುಭವ ಬೇಕು. ಸ್ನಾತಕೋತ್ತರ ಪದವಿಯಿದ್ದರೆ ಮೂರು ವರ್ಷ ಸಾಕು. ಹಾಸನದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿನಿಂದಲೋ ಚಿಕ್ಕಮಗಳೂರಿನ ಆದಿಚುಂಚನಗಿರಿ ತಾಂತ್ರಿಕ ವಿದ್ಯಾಲಯದಿಂದಲೋ ಸಿವಿಲ್ ಪದವಿ ಪಡೆದು ಹೊರಬಂದವರಿಗೆ ಓದಿನ ಅರ್ಹತೆ ಅಲ್ಲಿಗೇ ಮುಗಿಯಿತು. ಡಿಪ್ಲೊಮಾ ಮಾತ್ರ ಮಾಡಿದವರಿಗೆ ಈ ನೋಂದಣಿ ಸಿಗುವುದಿಲ್ಲ; ಅವರು ಲ್ಯಾಟರಲ್ ಎಂಟ್ರಿಯ ಮೂಲಕ ನೇರವಾಗಿ ಎರಡನೆಯ ವರ್ಷಕ್ಕೆ ಸೇರಿ ಪದವಿ ಮುಗಿಸಿಕೊಳ್ಳುವುದು ಒಳ್ಳೆಯದು.

ಅನುಭವವೆಂದರೆ ಎಲ್ಲೋ ಒಂದು ಕಡೆ ಸೈಟ್ ಇಂಜಿನಿಯರ್ ಆಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಆದರೆ ನನ್ನ ಸಲಹೆ ಬೇರೆ. ಆ ಐದರಲ್ಲಿ ಎರಡು ವರ್ಷವನ್ನಾದರೂ ಹಿರಿಯ ಮೌಲ್ಯಮಾಪಕರೊಬ್ಬರ ಕಚೇರಿಯಲ್ಲಿ ಸಹಾಯಕರಾಗಿ ಕಳೆಯಿರಿ. ಸಂಬಳ ಕಡಿಮೆ ಇರುತ್ತದೆ, ಬೆಳಿಗ್ಗೆ ಅರಸೀಕೆರೆಯ ತೆಂಗಿನ ತೋಟ, ಮಧ್ಯಾಹ್ನ ಹೊಳೆನರಸೀಪುರದ ನಾಲೆ ಬಯಲಿನ ಗದ್ದೆ ಎಂದು ಓಡಾಟ ಹೆಚ್ಚಿರುತ್ತದೆ, ಆದರೆ ಟೇಪು ಹಿಡಿಯುವುದರಿಂದ ಹಿಡಿದು ಪಹಣಿ ಓದುವವರೆಗೆ ಕಲಿಯಲು ಬೇರೆ ಶಾಲೆ ಇಲ್ಲ. ಕೆಲಸ ಮಾಡಿದ ಪ್ರತಿ ಕಡೆಯಿಂದಲೂ ಸೇರಿದ ಮತ್ತು ಬಿಟ್ಟ ದಿನಾಂಕವಿರುವ ಅನುಭವ ಪತ್ರವನ್ನು ಬಿಡುವ ದಿನವೇ ಪಡೆದುಕೊಳ್ಳಬೇಕು. ಸ್ವಂತವಾಗಿ ಪ್ಲಾನ್, ಎಸ್ಟಿಮೇಟ್ ಮಾಡಿಕೊಂಡಿರುವವರು ನಗರಸಭೆ ಅಥವಾ ಪುರಸಭೆಯ ಪರವಾನಗಿ ಮತ್ತು ಆದಾಯ ತೆರಿಗೆ ರಿಟರ್ನ್‌ಗಳನ್ನು ಒಂದು ಕಡತದಲ್ಲಿ ಜೋಡಿಸಿಟ್ಟರೆ ಮುಂದೆ ಪರದಾಡಬೇಕಾಗಿಲ್ಲ.

ಸಹಾಯಕನಾಗಿದ್ದ ಎರಡನೆಯ ವರ್ಷದಲ್ಲಿ ನಾನೇ ಮಾಡಿದ ತಪ್ಪೊಂದನ್ನು ಇಲ್ಲಿ ಹೇಳುತ್ತೇನೆ. ಸಕಲೇಶಪುರ ತಾಲ್ಲೂಕಿನ ಒಂದು ಕಾಫಿ ಜಮೀನು. ಪಹಣಿಯಲ್ಲಿ 6 ಎಕರೆ 20 ಗುಂಟೆ ಎಂದಿತ್ತು. ಮಾಲೀಕರು ಬೇಲಿಯ ಉದ್ದಕ್ಕೂ ನಡೆಸಿ ತೋರಿಸಿದರು, ಫೋಟೊ ತೆಗೆದೆ, ಬಂದು ಕರಡು ವರದಿ ಬರೆದು ಕೊಟ್ಟೆ. ನಮ್ಮ ಹಿರಿಯರು ಕನ್ನಡಕ ಸರಿಮಾಡಿಕೊಂಡು ಪಹಣಿಯ ಮೂರನೆಯ ಕಾಲಂ ಮೇಲೆ ಬೆರಳಿಟ್ಟು, “ಖರಾಬು ಕಳೆದೆಯೇನಪ್ಪ?” ಎಂದು ಕೇಳಿದರು. ನಾನು ಕಳೆದಿರಲಿಲ್ಲ. ಅದೇ ಕಾಲಂನಲ್ಲಿ ‘ಬ’ ಖರಾಬು 28 ಗುಂಟೆ ಎಂದು ಸ್ಪಷ್ಟವಾಗಿತ್ತು. ಅದು ಜಮೀನಿನ ನಡುವೆ ಹರಿಯುವ ಹಳ್ಳ ಮತ್ತು ಅದರ ಪಕ್ಕದ ದಾರಿ, ಸಾರ್ವಜನಿಕರಿಗೆ ಸೇರಿದ್ದು. ಉಳಿದದ್ದು 5 ಎಕರೆ 32 ಗುಂಟೆ. ಎಕರೆಗೆ 10 ಲಕ್ಷ ರೂಪಾಯಿಯಂತೆ ನಾನು ಹಿಡಿದಿದ್ದ ಲೆಕ್ಕದಲ್ಲಿ, ಯಾರೂ ಮಾರಲಾಗದ ನೆಲಕ್ಕೆ 7 ಲಕ್ಷ ಬೆಲೆ ಕಟ್ಟಿದ್ದೆ. ಹಳ್ಳವನ್ನು ನಾನು ದಾಟಿಕೊಂಡೇ ಹೋಗಿದ್ದೆ, ಬೂಟು ನೆನೆದಿತ್ತು, ಆದರೂ ಅದು ಯಾರದ್ದೆಂದು ಕೇಳಿಕೊಳ್ಳಲಿಲ್ಲ. ಅಂದಿನಿಂದ ಸ್ಥಳಕ್ಕೆ ಹೋಗುವ ಮೊದಲೇ ಪಹಣಿಯ ಮೂರನೆಯ ಕಾಲಂ ಅನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಕೈಬರಹದಲ್ಲಿ ಬರೆದುಕೊಂಡು ಹೋಗುತ್ತೇನೆ.

ದಾಖಲೆ ಓದುವುದು

ಬೆಂಗಳೂರಿನ ಫ್ಲ್ಯಾಟಿಗೆ ಬೆಲೆ ಕಟ್ಟುವವರಿಗೆ ಈ ಭಾಗ ಅಷ್ಟು ಬೇಕಾಗದೇ ಇರಬಹುದು. ನಮ್ಮ ಎರಡು ಜಿಲ್ಲೆಗಳಲ್ಲಿ ಮಾತ್ರ ಕೆಲಸದ ಅರ್ಧ ಭಾಗ ಕಾಗದದಲ್ಲಿಯೇ ಇದೆ. ಪಹಣಿಯ ಒಂಬತ್ತನೆಯ ಕಾಲಂನಲ್ಲಿ ಯಾರ ಹೆಸರಿದೆ, ಹನ್ನೊಂದರಲ್ಲಿ ಯಾವ ಸಾಲ ಅಥವಾ ಹಕ್ಕು ನಮೂದಾಗಿದೆ, ಹನ್ನೆರಡರಲ್ಲಿ ಯಾವ ಬೆಳೆಯೆಂದು ಬರೆದಿದೆ ಎಂಬುದನ್ನು ನೋಡಿ, ಕ್ರಯಪತ್ರದ ಚಕ್ಕುಬಂದಿಯನ್ನು ಸ್ಥಳದ ನಾಲ್ಕು ದಿಕ್ಕಿಗೂ ಹೊಂದಿಸಿ ಪರಿಶೀಲಿಸಬೇಕು. ಪೂರ್ವಕ್ಕೆ ಹಳ್ಳ ಎಂದು ಪತ್ರದಲ್ಲಿದ್ದು, ಸ್ಥಳದಲ್ಲಿ ಪಕ್ಕದವರ ಅಡಿಕೆ ತೋಟವಿದ್ದರೆ ಅಲ್ಲಿಯೇ ನಿಲ್ಲಬೇಕು. ಒಂದೋ ಹಳ್ಳ ದಿಕ್ಕು ಬದಲಿಸಿದೆ, ಇಲ್ಲವೇ ಮಾಲೀಕರು ಬೇರೆ ಜಮೀನನ್ನು ತೋರಿಸುತ್ತಿದ್ದಾರೆ. ದಿಶಾಂಕ್ ಆ್ಯಪ್‌ನಲ್ಲಿ ನಾವು ನಿಂತ ಜಾಗದ ಸರ್ವೆ ನಂಬರ್ ತಿಳಿಯುತ್ತದೆ. ಅದು ಒಂದು ಸುಳಿವು ಮಾತ್ರ; ಗಡಿಯ ತಕರಾರಿದ್ದರೆ ಹದ್ದುಬಸ್ತು ಅಳತೆ ಆಗಬೇಕೆಂದು ವರದಿಯಲ್ಲಿ ಬರೆಯಬೇಕೇ ಹೊರತು ನಾವೇ ತೀರ್ಪು ಕೊಡಬಾರದು. ಸರ್ವೆಯರ್ ಗಡಿ ಹೇಳುತ್ತಾರೆ, ನಾವು ಬೆಲೆ ಹೇಳುತ್ತೇವೆ.

ಪೋಡಿ ಆಗದ ಜಮೀನು ಇಲ್ಲಿ ಸರ್ವೇಸಾಮಾನ್ಯ. ಒಂದೇ ಸರ್ವೆ ನಂಬರಿನಲ್ಲಿ ಎಂಟು ಹತ್ತು ಜನರ ಹೆಸರಿದ್ದು, ಯಾರ ಭಾಗ ಎಲ್ಲಿ ಎಂಬ ನಕ್ಷೆಯೇ ಇಲ್ಲದಿದ್ದರೆ, ಅನುಭವದಲ್ಲಿರುವ ಜಾಗ ಎಷ್ಟೇ ಚೆನ್ನಾಗಿದ್ದರೂ ಮಾರುಕಟ್ಟೆಯಲ್ಲಿ ಅದಕ್ಕೆ ಪೂರ್ತಿ ಬೆಲೆ ಬರುವುದಿಲ್ಲ, ಮತ್ತು ವರದಿ ಅದನ್ನು ಮುಚ್ಚಿಡಬಾರದು. ದರಖಾಸ್ತಿನಲ್ಲಿ ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿಯ ಷರತ್ತುಗಳನ್ನು ಓದಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ, ಅಂದರೆ ಅಂಥ ಭೂಮಿಯ ಪರಭಾರೆಯನ್ನು ನಿಷೇಧಿಸುವ ಕಾಯ್ದೆ, ಅನ್ವಯಿಸುತ್ತದೆ, ಸರ್ಕಾರದ ಪೂರ್ವಾನುಮತಿಯಿಲ್ಲದ ಮಾರಾಟ ಅಲ್ಲಿ ಊರ್ಜಿತವಾಗುವುದಿಲ್ಲ. ಬಗರ್ ಹುಕುಂ ಅರ್ಜಿ ಹಾಕಿ ಕಾಯುತ್ತಿರುವ ಒತ್ತುವರಿ ತೋಟದಲ್ಲಿ ಗಿಡಗಳು ಎಷ್ಟೇ ಹಸಿರಾಗಿರಲಿ, ಹಕ್ಕು ಸಿಗುವವರೆಗೆ ಅದನ್ನು ಅಡಮಾನದ ಆಸ್ತಿಯೆಂದು ಎಣಿಸಲಾಗದು. ಇದನ್ನು ಒಬ್ಬ ರೈತರ ಎದುರಿನಲ್ಲಿ ನಿಂತು ಹೇಳುವುದು ಕಷ್ಟದ ಕೆಲಸ, ಆದರೂ ಹೇಳಲೇಬೇಕು.

ಪಟ್ಟಣದಲ್ಲಿ ಪ್ರಶ್ನೆಗಳು ಬೇರೆ. ಹಾಸನದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆಯಿರುವ ಬಡಾವಣೆಯ 30×40 ನಿವೇಶನಕ್ಕೂ, ಅದರ ಬೇಲಿಗೆ ತಾಗಿಕೊಂಡೇ ಇರುವ, ಅಂಥ ಅನುಮೋದನೆಯಿಲ್ಲದ ರೆವಿನ್ಯೂ ಸೈಟಿಗೂ ಅಳತೆ ಒಂದೇ, 1200 ಚದರಡಿ. ಬೆಲೆ ಒಂದೇ ಆಗಲಾರದು. ಭೂ ಪರಿವರ್ತನೆಯ ಆದೇಶ, ಬಡಾವಣೆ ನಕ್ಷೆ, ಇ-ಖಾತೆ, ಹಳ್ಳಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಇವುಗಳನ್ನು ಕೇಳಿ ಪಡೆದು, ಋಣಭಾರ ಪ್ರಮಾಣಪತ್ರದೊಂದಿಗೆ ಓದಬೇಕು. ಮುದ್ರಾಂಕ ಇಲಾಖೆಯ ಮಾರ್ಗಸೂಚಿ ದರವನ್ನು ವರದಿಯಲ್ಲಿ ನಮೂದಿಸಬೇಕು, ಆದರೆ ಅದನ್ನೇ ಮಾರುಕಟ್ಟೆ ಬೆಲೆಯೆಂದು ಒಪ್ಪಿಸಿಬಿಡುವುದು ಮೌಲ್ಯಮಾಪನವಾಗುವುದಿಲ್ಲ.

ತರಬೇತಿ, ಪರೀಕ್ಷೆ, ಅರ್ಜಿ

ಅನುಭವ ಪೂರ್ಣವಾಗುವ ಹೊತ್ತಿಗೆ ಐಬಿಬಿಐ ಮಾನ್ಯತೆ ಪಡೆದ ನೋಂದಾಯಿತ ಮೌಲ್ಯಮಾಪಕರ ಸಂಘಟನೆಯೊಂದಕ್ಕೆ ಸದಸ್ಯರಾಗಬೇಕು. ಇವುಗಳನ್ನು ಆರ್‌ವಿಒ ಎನ್ನುತ್ತಾರೆ. ಐಒವಿ ರಿಜಿಸ್ಟರ್ಡ್ ವ್ಯಾಲ್ಯುಯರ್ಸ್ ಫೌಂಡೇಶನ್ ಅವುಗಳಲ್ಲಿ ಒಂದು, ಪೂರ್ತಿ ಪಟ್ಟಿ ಐಬಿಬಿಐ ಜಾಲತಾಣದಲ್ಲಿದೆ. ಯಾವುದನ್ನು ಆರಿಸಿಕೊಳ್ಳಬೇಕೆಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ನಮ್ಮ ರಾಜ್ಯದ ಭೂದಾಖಲೆಗಳನ್ನು ಬಲ್ಲ ಉಪನ್ಯಾಸಕರು ಅಲ್ಲಿ ಪಾಠ ಮಾಡುತ್ತಾರೆಯೇ ಎಂದು ವಿಚಾರಿಸಿ ಸೇರಿಕೊಳ್ಳಿ. ಸಂಘಟನೆಯು 50 ಗಂಟೆಗಳ ತರಬೇತಿ ಕೊಡುತ್ತದೆ. ಅದನ್ನು ಮುಗಿಸಿದವರಿಗೆ ಮಾತ್ರ ಪರೀಕ್ಷೆಗೆ ಅವಕಾಶ.

ಪರೀಕ್ಷೆ ಕಂಪ್ಯೂಟರಿನಲ್ಲಿ ನಡೆಯುತ್ತದೆ: ಎರಡು ಗಂಟೆ, 90 ಬಹು ಆಯ್ಕೆಯ ಪ್ರಶ್ನೆ, 100 ಅಂಕ, ತೇರ್ಗಡೆಗೆ ಶೇ 60. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲುಭಾಗ ಕಡಿತವಾಗುತ್ತದೆ. ಸ್ಥೂಲ ಅರ್ಥಶಾಸ್ತ್ರ, ಹಣಕಾಸು, ವೃತ್ತಿಯ ನೀತಿಸಂಹಿತೆ, ಸಾಮಾನ್ಯ ಕಾನೂನು ಮತ್ತು ಆಸ್ತಿ ಸಂಬಂಧಿ ಕಾನೂನು, ಮೌಲ್ಯಮಾಪನದ ವಿಧಾನಗಳು, ಪ್ರಕರಣಗಳ ವಿಶ್ಲೇಷಣೆ ಇವೆಲ್ಲ ಪಠ್ಯದಲ್ಲಿವೆ. ಇಂಜಿನಿಯರ್‌ಗಳು ಮೌಲ್ಯಮಾಪನದ ಲೆಕ್ಕಗಳಲ್ಲಿ ಗಟ್ಟಿಯಾಗಿರುತ್ತಾರೆ, ಆಸ್ತಿ ವರ್ಗಾವಣೆ ಕಾಯ್ದೆ, ಕರಾರು ಕಾಯ್ದೆ, ಭೂಸ್ವಾಧೀನ ಕಾಯ್ದೆಗಳಲ್ಲಿ ಎಡವುತ್ತಾರೆ. ಹಾಗಾಗಿ ಕಾನೂನಿನ ಭಾಗವನ್ನು ಮೊದಲು ಓದಿ ಮುಗಿಸಿ, ಲೆಕ್ಕಗಳನ್ನು ಕೊನೆಯ ಎರಡು ವಾರ ದಿನವೂ ಕೈಯಿಂದ ಬಿಡಿಸಿ ಅಭ್ಯಾಸ ಮಾಡುವುದು ಒಳ್ಳೆಯದು.

ಲೆಕ್ಕ ಹೇಗಿರುತ್ತದೆಂದು ಒಂದು ಉದಾಹರಣೆ ನೋಡೋಣ. 1200 ಚದರಡಿಯ ಆರ್‌ಸಿಸಿ ಮನೆಯನ್ನು ಇಂದು ಕಟ್ಟಲು ಚದರಡಿಗೆ 2,000 ರೂಪಾಯಿ ಬೇಕು ಎಂದಿಟ್ಟುಕೊಂಡರೆ ಹೊಸ ಕಟ್ಟಡದ ವೆಚ್ಚ 24 ಲಕ್ಷ. ಕಟ್ಟಡಕ್ಕೆ 20 ವರ್ಷವಾಗಿದೆ, ಒಟ್ಟು ಆಯುಸ್ಸು 60 ವರ್ಷ, ಕೆಡವಿದಾಗ ಉಳಿಯುವ ಬೆಲೆ ಶೇ 10 ಎಂದರೆ, ಸವಕಳಿ ಎಂದರೆ ಶೇ 90ರ ಮೂರನೆಯ ಒಂದು ಭಾಗ, ಅಂದರೆ ಶೇ 30. ಕಟ್ಟಡದ ಈಗಿನ ಬೆಲೆ 16 ಲಕ್ಷ 80 ಸಾವಿರ. ಇದಕ್ಕೆ ನಿವೇಶನದ ಬೆಲೆ ಸೇರಿಸಬೇಕು. ಕಾಗದದ ಮೇಲೆ ಇಷ್ಟು ಸುಲಭ. ಆದರೆ ಕೊಪ್ಪ, ಶೃಂಗೇರಿಯ ಮಳೆಯಲ್ಲಿ 20 ವರ್ಷ ನೆನೆದ ತಾರಸಿಗೂ ಕಡೂರಿನ ಬಿಸಿಲಿನಲ್ಲಿ ನಿಂತ ತಾರಸಿಗೂ ಒಂದೇ ಆಯುಸ್ಸು ಹಿಡಿಯಲಾಗದು. ಸರಳಿಗೆ ತುಕ್ಕು ಹಿಡಿದು ಕಾಂಕ್ರೀಟ್ ಉದುರುತ್ತಿದೆಯೇ ಎಂದು ತಲೆಯೆತ್ತಿ ನೋಡಿದ ಮೇಲೆಯೇ ಆ 60 ಎಂಬ ಸಂಖ್ಯೆಯನ್ನು ನಿರ್ಧರಿಸಬೇಕು.

ತೇರ್ಗಡೆಯಾದ ದಿನದಿಂದ ಮೂರು ವರ್ಷದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ತಡವಾದರೆ ಆ ಪರೀಕ್ಷೆ ಲೆಕ್ಕಕ್ಕೆ ಬರುವುದಿಲ್ಲ. ವ್ಯಕ್ತಿಗಳು ನಮೂನೆ-ಎ ತುಂಬಿ, 5,000 ರೂಪಾಯಿ ಶುಲ್ಕವನ್ನು ತೆರಿಗೆಯೊಂದಿಗೆ ಕಟ್ಟಿ, ತಮ್ಮ ಸಂಘಟನೆಯ ಶಿಫಾರಸಿನೊಂದಿಗೆ ಐಬಿಬಿಐಗೆ ಸಲ್ಲಿಸಬೇಕು. ಅರ್ಜಿದಾರರು ಭಾರತದ ನಿವಾಸಿಯಾಗಿರಬೇಕು, ದಿವಾಳಿಯೆಂದು ಘೋಷಿತರಾಗಿರಬಾರದು, ನೈತಿಕ ಅಧಃಪತನದ ಅಪರಾಧಕ್ಕೆ ಶಿಕ್ಷೆಯಾಗಿ ಐದು ವರ್ಷ ಕಳೆಯದೇ ಇರುವವರಾಗಿರಬಾರದು. ನೋಂದಣಿ ಸಿಕ್ಕ ಮೇಲೆ ಪ್ರತಿ ಕೆಲಸದ ದಾಖಲೆಯನ್ನು ಕನಿಷ್ಠ ಮೂರು ವರ್ಷ ಇಡಬೇಕೆಂಬ ನಿಯಮವಿದೆ. ತನಗೆ ಅಥವಾ ತನ್ನವರಿಗೆ ಹಿತಾಸಕ್ತಿಯಿರುವ ಆಸ್ತಿಯನ್ನು ಮುಟ್ಟಬಾರದು. ಕಾಯ್ದೆ ಈ ನಿರ್ಬಂಧವನ್ನು ನೇಮಕದ ಹಿಂದಿನ ಮೂರು ವರ್ಷಕ್ಕೂ ಮೌಲ್ಯಮಾಪನದ ನಂತರದ ಮೂರು ವರ್ಷಕ್ಕೂ ವಿಸ್ತರಿಸಿದೆ. ಆದ್ದರಿಂದ ಜಮೀನು ವ್ಯವಹಾರದ ಮಧ್ಯವರ್ತಿ ಕೆಲಸವನ್ನೂ ಮಾಡಿಕೊಂಡಿರುವವರು ಈ ವೃತ್ತಿಗೆ ಬರುವಾಗ ಅದನ್ನು ಬಿಟ್ಟು ಬರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಫಿ ತೋಟಕ್ಕೆ ಬೆಲೆ ಕಟ್ಟುವುದು

ಪರೀಕ್ಷೆಯ ಪಠ್ಯದಲ್ಲಿ ಇದಕ್ಕೆ ಹೆಚ್ಚು ಜಾಗವಿಲ್ಲ, ಆದರೆ ಮೂಡಿಗೆರೆ, ಸಕಲೇಶಪುರ, ಆಲೂರು, ಬೇಲೂರಿನ ಕಡೆ ಕೆಲಸ ಮಾಡುವವರಿಗೆ ಇದು ಬರಲೇಬೇಕು. ಸ್ಥಳ ಪರಿಶೀಲನೆಗೆ ಅರ್ಧ ದಿನ ಇಟ್ಟುಕೊಳ್ಳಿ, ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿ ಜೊತೆಗಿರಲಿ. ಮೊದಲು ಅರೇಬಿಕಾ ಎಷ್ಟು, ರೋಬಸ್ಟಾ ಎಷ್ಟು ಎಂದು ಬ್ಲಾಕ್ ಪ್ರಕಾರ ಬೇರ್ಪಡಿಸಬೇಕು. 6×6 ಅಡಿ ಅಂತರದ ಅರೇಬಿಕಾ ಎಕರೆಗೆ ಸುಮಾರು 1,210 ಗಿಡ ಹಿಡಿಯುತ್ತದೆ, 10×10 ಅಡಿಯ ರೋಬಸ್ಟಾ ಸುಮಾರು 435. ಒಂದು ಬ್ಲಾಕಿನಲ್ಲಿ ಎಲ್ಲಾದರೂ ಹತ್ತು ಸಾಲು ಆರಿಸಿಕೊಂಡು, ಇರಬೇಕಾದ ಗಿಡ ಎಷ್ಟು, ಇರುವುದೆಷ್ಟು, ಅದರಲ್ಲಿ ಫಸಲು ಕೊಡುವುದೆಷ್ಟು ಎಂದು ಎಣಿಸಿ. ಅರೇಬಿಕಾದಲ್ಲಿ ಎಲೆ ಹಳದಿಗಟ್ಟಿ ಬಾಡಿದ ಗಿಡದ ಕಾಂಡವನ್ನು ಹತ್ತಿರದಿಂದ ನೋಡಿದರೆ ತೊಗಟೆಯ ಮೇಲೆ ಉಬ್ಬಿದ ಗೆರೆಗಳು ಕಾಣುತ್ತವೆ. ಅದು ಬಿಳಿ ಕಾಂಡಕೊರಕದ ಗುರುತು, ಆ ಗಿಡವನ್ನು ಕಿತ್ತು ಸುಡುವುದೇ ದಾರಿ. ನಾನು ಒಂದು ಎಸ್ಟೇಟಿನಲ್ಲಿ ರಸ್ತೆಯ ಅಂಚಿನ ಸಾಲುಗಳನ್ನಷ್ಟೇ ನೋಡಿ ವಾಪಸ್ಸಾಗುವವನಿದ್ದೆ. ಮೇಸ್ತ್ರಿಯೇ “ಸಾರ್, ಒಳಗಡೆ ಇಳೀರಿ” ಎಂದು ಕರೆದುಕೊಂಡು ಹೋಗಿ ತೋರಿಸಿದ ಇಳಿಜಾರಿನಲ್ಲಿ ಐದಕ್ಕೆ ಎರಡು ಗುಂಡಿ ಖಾಲಿಯಿದ್ದವು.

ನೆರಳು ಮರಗಳು, ಅದರ ಮೇಲೆ ಹಬ್ಬಿದ ಕಾಳುಮೆಣಸಿನ ಬಳ್ಳಿ, ಕೆರೆ ಮತ್ತು ಸ್ಪ್ರಿಂಕ್ಲರ್ ವ್ಯವಸ್ಥೆ, ಪಲ್ಪರ್, ಕಣ, ಗೋದಾಮು, ಲೈನ್ ಮನೆಗಳು ಇವನ್ನೆಲ್ಲ ಪ್ರತ್ಯೇಕವಾಗಿ ಪಟ್ಟಿ ಮಾಡಬೇಕು. ಕಾಫಿ ಹೂವರಳಿಸುವ ಹೂಮಳೆ ಕೈಕೊಟ್ಟ ವರ್ಷ ರೋಬಸ್ಟಾಗೆ ನೀರು ಕೊಡಬಲ್ಲ ಕೆರೆಯಿರುವ ತೋಟಕ್ಕೂ ಇಲ್ಲದ ತೋಟಕ್ಕೂ ಕೊಳ್ಳುವವರು ಬೇರೆ ಬೇರೆ ಬೆಲೆ ಕೊಡುತ್ತಾರೆ. ಮರದ ಬೆಲೆಯ ವಿಷಯದಲ್ಲಿ ಎಚ್ಚರ ಬೇಕು: ಸಿಲ್ವರ್ ಓಕ್‌ಗೂ ಬೀಟೆ, ತೇಗಕ್ಕೂ ಒಂದೇ ಲೆಕ್ಕ ನಡೆಯದು, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಡಿಯಲಾಗದ ಮರದ ದಿಮ್ಮಿ ಬೆಲೆಯನ್ನು ಆಸ್ತಿಯ ಬೆಲೆಗೆ ನೇರವಾಗಿ ಕೂಡಿಸಬಾರದು. ಆಲೂರು–ಸಕಲೇಶಪುರದ ಕಡೆ ಆನೆಗಳ ಓಡಾಟವಿರುವ ಊರುಗಳಲ್ಲಿ ಕೊಳ್ಳುವವರು ಕಡಿಮೆ, ಕಾರ್ಮಿಕರು ಸಿಗುವುದೂ ಕಷ್ಟ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡ ಕುಸಿದ ಮೇಲೆ ಇಳಿಜಾರಿನ ತೋಟಗಳನ್ನು ನೋಡುವ ಜನರ ದೃಷ್ಟಿಯೂ ಬದಲಾಗಿದೆ. ಇವೆಲ್ಲ ಬೆಲೆಯೊಳಗೆ ಬರಬೇಕಾದ ಸಂಗತಿಗಳು.

ಆದಾಯದಿಂದ ಬೆಲೆ ಕಟ್ಟುವಾಗ ಒಂದೇ ವರ್ಷದ ಲೆಕ್ಕ ನಂಬಬಾರದು. ಕಾಫಿ ಒಂದು ವರ್ಷ ಚೆನ್ನಾಗಿ ಬಂದರೆ ಮರುವರ್ಷ ಇಳಿಯುವ ಬೆಳೆ, ಧಾರಣೆಯೂ ಹಾಗೆಯೇ. 2025ರ ಆರಂಭದಲ್ಲಿ ಧಾರಣೆ ದಾಖಲೆ ಮಟ್ಟಕ್ಕೆ ಏರಿದಾಗ ಅದೇ ಬೆಲೆಯಲ್ಲಿ ತೋಟಗಳಿಗೆ ಲೆಕ್ಕ ಹಾಕಿಸಿಕೊಳ್ಳಲು ಹಲವರು ಬಂದರು. ಲೆಕ್ಕ ತೋರಿಸಲೆಂದು ಹಿಡಿದ ಅಂಕಿಗಳನ್ನು ನೋಡಿ: ಐದು ವರ್ಷದ ಸರಾಸರಿ ನಿವ್ವಳ ಆದಾಯ ಎಕರೆಗೆ 1.20 ಲಕ್ಷವಾಗಿದ್ದು, ಅದನ್ನು ಶೇ 8ರ ದರದಲ್ಲಿ ಬಂಡವಾಳಕ್ಕೆ ಪರಿವರ್ತಿಸಿದರೆ, ಅಂದರೆ 0.08ರಿಂದ ಭಾಗಿಸಿದರೆ, ಎಕರೆಗೆ 15 ಲಕ್ಷ ಬರುತ್ತದೆ. ಏರಿದ ವರ್ಷದ 2 ಲಕ್ಷವನ್ನೇ ಹಿಡಿದರೆ 25 ಲಕ್ಷ. ಎಕರೆಗೆ 10 ಲಕ್ಷದ ಆ ಅಂತರ ಒಂದು ಸಾಲದ ಗತಿಯನ್ನೇ ಬದಲಿಸುತ್ತದೆ, ಮತ್ತು ಧಾರಣೆ ಇಳಿದ ದಿನ ತೋಟ ಕಳೆದುಕೊಳ್ಳುವುದು ಆ ಕುಟುಂಬ. ತೋಟದಲ್ಲಿ ಹೋಂಸ್ಟೇ ಇದ್ದರೆ ಅದರ ಆದಾಯವನ್ನು ಬೆಳೆಯ ಆದಾಯದೊಂದಿಗೆ ಬೆರೆಸದೆ, ಕಟ್ಟಡಕ್ಕೆ ಪರವಾನಗಿ ಇದೆಯೇ ಎಂದು ನೋಡಿ ಬೇರೆಯಾಗಿಯೇ ಬರೆಯಬೇಕು.

ಬ್ಯಾಂಕಿನ ಪಟ್ಟಿ ಮತ್ತು ಮೊದಲ ವರದಿಗಳು

ನೋಂದಣಿ ಸಿಕ್ಕ ಮಾತ್ರಕ್ಕೆ ಕೆಲಸ ಮನೆಬಾಗಿಲಿಗೆ ಬರುವುದಿಲ್ಲ. ಪ್ರತಿ ಬ್ಯಾಂಕೂ ತನ್ನದೇ ಮೌಲ್ಯಮಾಪಕರ ಪಟ್ಟಿ ಇಟ್ಟುಕೊಳ್ಳುತ್ತದೆ, ಅದಕ್ಕೆ ವಲಯ ಅಥವಾ ಪ್ರಾದೇಶಿಕ ಕಚೇರಿಗೆ ಪ್ರತ್ಯೇಕವಾಗಿ ಅರ್ಜಿ ಕೊಡಬೇಕು. ಅರ್ಜಿಯೊಂದಿಗೆ ನೋಂದಣಿ ಪತ್ರ, ಅನುಭವ ಪತ್ರ, ಮತ್ತು ಸಹಾಯಕರಾಗಿ ಕೆಲಸ ಮಾಡಿದ ಕೆಲವು ಮಾದರಿ ವರದಿಗಳನ್ನು ಆಸ್ತಿಯ ಹಾಗೂ ಮಾಲೀಕರ ಗುರುತು ತೆಗೆದು ಲಗತ್ತಿಸಿದರೆ ಅನುಕೂಲ. ದೊಡ್ಡ ಆಸ್ತಿಗಳು ಹೊಸಬರ ಕೈಗೆ ಬೇಗ ಬರುವುದಿಲ್ಲ. 50 ಕೋಟಿ ಅಥವಾ ಅದಕ್ಕೆ ಮೇಲ್ಪಟ್ಟ ಆಸ್ತಿಗೆ ಎರಡು ಸ್ವತಂತ್ರ ವರದಿ ಪಡೆಯಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿದೆ. ಮೊದಲ ವರ್ಷ ನಿವೇಶನ, ಸಣ್ಣ ಮನೆ, ಅಂಗಡಿ ಮಳಿಗೆಗಳೇ ಬರುತ್ತವೆ, ಮತ್ತು ಅವುಗಳನ್ನು ಚೊಕ್ಕವಾಗಿ ಮಾಡಿದವರಿಗೆ ಉಳಿದದ್ದು ಬರುತ್ತದೆ.

ವರದಿಯಲ್ಲಿ ಉದ್ದೇಶ, ಪರಿಶೀಲನೆಯ ದಿನ, ಬೆಲೆ ಯಾವ ದಿನಕ್ಕೆ ಅನ್ವಯಿಸುತ್ತದೆ, ನೋಡಿದ ಮತ್ತು ಕೇಳಿಯೂ ಸಿಗದ ದಾಖಲೆಗಳು, ಹೋಲಿಕೆಗೆ ತೆಗೆದುಕೊಂಡ ಮಾರಾಟಗಳು, ಅವುಗಳಿಗೂ ಈ ಆಸ್ತಿಗೂ ಇರುವ ವ್ಯತ್ಯಾಸಕ್ಕೆ ಮಾಡಿದ ಹೊಂದಾಣಿಕೆ ಎಲ್ಲವೂ ಬರಬೇಕು. ಮಾರುಕಟ್ಟೆ ಬೆಲೆ, ವಾಸ್ತವವಾಗಿ ಕೈಗೆ ಬರಬಹುದಾದ ಬೆಲೆ, ತುರ್ತಾಗಿ ಮಾರಿದರೆ ಬರುವ ಬೆಲೆ ಎಂದು ಬ್ಯಾಂಕು ಮೂರು ಅಂಕಿ ಕೇಳುತ್ತದೆ. ಎರಡನೆಯದನ್ನೂ ಮೂರನೆಯದನ್ನೂ ಕಣ್ಣುಮುಚ್ಚಿ ನಿಗದಿತ ಶೇಕಡಾವಾರು ಇಳಿಸಿ ಬರೆಯುವ ರೂಢಿ ಬೆಳೆದಿದೆ. ಹೊಸಬರು ಅದನ್ನು ಕಲಿಯಬಾರದು. ಹಾಸನದ ಬಸ್ ನಿಲ್ದಾಣದ ಬಳಿಯ ಮಳಿಗೆಗೆ ವಾರದಲ್ಲಿ ಗಿರಾಕಿ ಸಿಗುತ್ತದೆ, ಕಳಸದ ಒಳಗಿನ ತೋಟಕ್ಕೆ ವರ್ಷ ಕಾಯಬೇಕಾಗಬಹುದು, ಇವೆರಡಕ್ಕೂ ಕಡಿತ ಒಂದೇ ಆಗುವುದು ಹೇಗೆ?

ಶುಲ್ಕವನ್ನು ಸಾಲ ಮಂಜೂರಾತಿಗೆ ಜೋಡಿಸಿ ಪಡೆಯುವುದನ್ನು ನೀತಿಸಂಹಿತೆ ನಿಷೇಧಿಸುತ್ತದೆ. ಅಂಕಿ ಏರಿಸಿ ಕೊಡಬೇಕೆಂಬ ಒತ್ತಡ ಮಾತ್ರ ಬಂದೇ ಬರುತ್ತದೆ. ಒಂದು ಶಾಖೆಯಲ್ಲಿ ಬೇಕಾದ ಮೊತ್ತವನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನೇ ನನ್ನ ಕಡತಕ್ಕೆ ಸೇರಿಸಿ ಕೊಟ್ಟಿದ್ದರು. ನಾನು ಆ ಚೀಟಿಯನ್ನು ವಾಪಸ್ಸು ಕೊಟ್ಟು, ನನಗೆ ಬಂದ ಬೆಲೆಯನ್ನೇ ಬರೆದೆ. ಎಂಟು ತಿಂಗಳು ಆ ಶಾಖೆಯಿಂದ ಒಂದು ಕೆಲಸವೂ ಬರಲಿಲ್ಲ, ಆ ದಿನಗಳು ಸುಲಭವಾಗಿರಲಿಲ್ಲ. ಕಂಪನಿ ಕಾಯ್ದೆಯ ಮೌಲ್ಯಮಾಪನದಲ್ಲಿ ನಿಯಮ ಮುರಿದರೆ 50 ಸಾವಿರ ರೂಪಾಯಿ ದಂಡ, ವಂಚಿಸುವ ಉದ್ದೇಶವಿದ್ದರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು 1 ಲಕ್ಷದಿಂದ 5 ಲಕ್ಷದವರೆಗೆ ದಂಡ ಎಂಬುದನ್ನು ಕಚೇರಿಗೆ ಬರುವ ಗಿರಾಕಿಗಳಿಗೆ ನಾನು ಮೊದಲೇ ಹೇಳಿಬಿಡುತ್ತೇನೆ, ಮಾತು ಅಲ್ಲಿಗೇ ಮುಗಿಯುತ್ತದೆ.

ಕೊನೆಯದಾಗಿ, ಇಂದೇ ಆರಂಭಿಸಬಹುದಾದ ಕೆಲಸವೊಂದಿದೆ, ಅದಕ್ಕೆ ಯಾವ ನೋಂದಣಿಯೂ ಬೇಡ. ಒಂದು ದಪ್ಪ ಪುಸ್ತಕ ತೆಗೆದುಕೊಂಡು, ನಿಮ್ಮ ತಾಲ್ಲೂಕಿನಲ್ಲಿ ಖಚಿತವಾಗಿ ತಿಳಿದ ಪ್ರತಿ ಮಾರಾಟವನ್ನೂ ಹೋಬಳಿವಾರು ಬರೆದಿಡಿ: ದಿನಾಂಕ, ಸರ್ವೆ ನಂಬರ್, ವಿಸ್ತೀರ್ಣ, ಖರಾಬು, ರಸ್ತೆ, ನೀರು, ನೋಂದಣಿಯಾದ ಬೆಲೆ, ಕೊಂಡವರು ಮತ್ತು ಮಾರಿದವರಿಂದ ನೇರವಾಗಿ ಕೇಳಿದ ಬೆಲೆ. ನನ್ನ ಬಳಿ ಇಂಥ ಏಳು ಪುಸ್ತಕಗಳಿವೆ. 2001ರ ಬೆಲೆ ಕೇಳಿಕೊಂಡು ಯಾರಾದರೂ ಬಂದಾಗ ನಾನು ಮೊದಲು ತೆರೆಯುವುದು ನನ್ನ ಹಿರಿಯರು ಕೊಟ್ಟುಹೋದ, ಬೈಂಡು ಕಳಚಿದ ಎಂಟನೆಯದನ್ನು.